ಅಕ್ಷರಕ್ಕೂ ಮೊದಲಿನ ಪಾಠ

ಪಿಯುಸಿ ಫಲಿತಾಂಶ ಹೊರಬಿದ್ದ ಮರುದಿನದಿಂದ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಇಷ್ಟು ಅಂಕಕ್ಕೆ ಇಂಥ ಕೋರ್ಸು, ಇಂಥ ಕೋರ್ಸಿಗೆ ಇಂಥ ಕೆಲಸ, ಇಂಥ ಕೆಲಸಕ್ಕೆ ಇಷ್ಟು ಸಂಬಳ. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಹೊಟ್ಟೆಪಾಡಿನ ಪ್ರಶ್ನೆಯನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಈ ಪಟ್ಟಿಯ ಕಟ್ಟಕಡೆಯಲ್ಲೂ ಜಾಗ ಪಡೆಯದ ಒಂದು ವೃತ್ತಿ ಇದೆ. ಒಳ್ಳೆಯ ಅಂಕ ತೆಗೆದ ಮಗಳು ‘ನಾನು ಪುಟ್ಟ ಮಕ್ಕಳ ಟೀಚರ್ ಆಗುತ್ತೇನೆ’ ಎಂದರೆ ಮನೆಯವರು ನಕ್ಕು, ‘ಅದಕ್ಕೆ ಇಷ್ಟೆಲ್ಲ ಓದಬೇಕಿತ್ತೇ?’ ಎನ್ನುತ್ತಾರೆ. ಮಗ ಹಾಗೆಂದರೆ ನಗುವೂ ಬರುವುದಿಲ್ಲ, ಚಿಂತೆ ಹತ್ತಿಕೊಳ್ಳುತ್ತದೆ.

ಈ ವಾರ ಆ ವೃತ್ತಿಯ ಬಗ್ಗೆಯೇ ನಾಲ್ಕು ಮಾತು. ಅಂಗನವಾಡಿ ಕಾರ್ಯಕರ್ತೆ, ಶಿಶುವಿಹಾರದ ಶಿಕ್ಷಕಿ, ನರ್ಸರಿ ಮಿಸ್, ಮಾಂಟೆಸ್ಸೊರಿ ಟೀಚರ್, ಉತ್ತರ ಕರ್ನಾಟಕದ ಮಕ್ಕಳ ಬಾಯಲ್ಲಿ ಅಕ್ಕೋರು. ಹೆಸರು ಯಾವುದಾದರೂ ಇರಲಿ, ಮೂರರಿಂದ ಆರು ವರ್ಷದ ಮಕ್ಕಳನ್ನು ದಿನಕ್ಕೆ ನಾಲ್ಕಾರು ಗಂಟೆ ತಮ್ಮ ವಶಕ್ಕೆ ತೆಗೆದುಕೊಂಡು, ಅವರು ಲೋಕವನ್ನು ಅರಿಯುವ ಬಗೆಯಲ್ಲಿ ಜೊತೆಯಾಗುವ ಕೆಲಸ ಇದು. ಇದರಲ್ಲಿ ಬದುಕಿಗೊಂದು ಸಾರ್ಥಕತೆ ಸಿಗುತ್ತದೆಯೇ? ಸಿಗುವುದಾದರೆ ಎಲ್ಲಿಂದ, ಯಾರಿಗೆ?

‘ಮಕ್ಕಳೆಂದರೆ ನನಗೆ ತುಂಬಾ ಇಷ್ಟ’ ಎಂಬುದು ಈ ದಾರಿಗೆ ಬರುವವರು ಹೇಳುವ ಮೊದಲ ಮಾತು. ಇಷ್ಟವಿರಲೇಬೇಕು, ಸರಿ. ಆದರೆ ಜೂನ್ ತಿಂಗಳ ಮೊದಲ ವಾರ ಇಪ್ಪತ್ತೈದು ಮಕ್ಕಳು ಒಟ್ಟಿಗೆ ‘ಅಮ್ಮಾ’ ಎಂದು ಅಳುತ್ತಿರುವಾಗ, ಒಬ್ಬ ಚಡ್ಡಿ ಒದ್ದೆ ಮಾಡಿಕೊಂಡು, ಇನ್ನೊಬ್ಬಳು ಪಕ್ಕದವಳ ಕೈ ಕಚ್ಚಿ, ಮತ್ತೊಬ್ಬ ಬಾಗಿಲಿನತ್ತ ಓಡುತ್ತಿರುವಾಗ, ಬರೀ ಇಷ್ಟ ಹನ್ನೊಂದು ಗಂಟೆಯ ಹೊತ್ತಿಗೆ ಬತ್ತಿಹೋಗುತ್ತದೆ. ಆಮೇಲೆ ಉಳಿದು ಕೈಹಿಡಿಯುವುದು ಕುತೂಹಲ. ಈ ಮಗು ಏನು ಯೋಚಿಸುತ್ತಿದೆ, ಏಕೆ ಹೀಗೆ ಮಾಡಿತು, ಇದಕ್ಕೆ ಈಗ ಏನು ಬೇಕು ಎಂದು ನೋಡುವ ಕಣ್ಣು. ಆ ಕಣ್ಣು ಅಭ್ಯಾಸದಿಂದ ಬರುತ್ತದೆ. ಓದಬೇಕಾಗಿರುವುದು ಅದಕ್ಕಾಗಿಯೇ.

ಸುಲಭವೆಂಬ ಭ್ರಮೆ

ಮಗು ಚಿಕ್ಕದಾದಷ್ಟೂ ಕಲಿಸುವುದು ಸುಲಭ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾಲೇಜಿಗೆ ಪಾಠ ಹೇಳುವವರು ದೊಡ್ಡವರು, ಹೈಸ್ಕೂಲಿನವರು ಅವರಿಗಿಂತ ಸ್ವಲ್ಪ ಕಡಿಮೆ, ಪ್ರಾಥಮಿಕ ಶಾಲೆಯವರು ಇನ್ನೂ ಕಡಿಮೆ, ನರ್ಸರಿಯವರಂತೂ ಲೆಕ್ಕಕ್ಕೇ ಇಲ್ಲ. ಪಠ್ಯದ ಭಾರವನ್ನು ತೂಗಿ ನೋಡಿದರೆ ಈ ಕ್ರಮ ಸರಿಯೆನಿಸೀತು. ಕಲಿಯುವ ಮನಸ್ಸನ್ನು ಅರ್ಥ ಮಾಡಿಕೊಳ್ಳುವ ಕಷ್ಟವನ್ನು ತೂಗಿದರೆ ತಕ್ಕಡಿ ತಿರುಗಿಬೀಳುತ್ತದೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿಸಿ. ಎರಡರಲ್ಲೂ ಒಂದೇ ಸಮ ಇದೆಯೆಂದು ನಾಲ್ಕು ವರ್ಷದ ಮಗು ಒಪ್ಪಿಕೊಳ್ಳಲಿ. ಈಗ ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಎತ್ತರದ, ಕಿರಿದಾದ ಬಾಟಲಿಗೆ ಸುರಿಯಿರಿ. ಯಾವುದರಲ್ಲಿ ಹೆಚ್ಚು ನೀರಿದೆ ಎಂದು ಕೇಳಿ. ಸಾಮಾನ್ಯವಾಗಿ ಮಗು ಎತ್ತರದ ಬಾಟಲಿಯನ್ನೇ ತೋರಿಸುತ್ತದೆ. ನೀವು ಎಷ್ಟು ವಿವರಿಸಿದರೂ ಅದರ ತೀರ್ಮಾನ ಬದಲಾಗುವುದಿಲ್ಲ. ಅದೇ ಮಗು ಆರೇಳು ವರ್ಷಕ್ಕೆ ಬಂದಾಗ ಇದೇ ಪ್ರಶ್ನೆಗೆ ನಕ್ಕು, ‘ಎರಡೂ ಒಂದೇ, ನೀವು ಸುರಿದಿದ್ದಷ್ಟೆ’ ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಇಂಥ ಪ್ರಯೋಗಗಳಿಂದಲೇ ಮಕ್ಕಳ ಯೋಚನೆಯ ಶಾಸ್ತ್ರವನ್ನು ಕಟ್ಟಿದರು. ಅವರ ಸಿದ್ಧಾಂತದ ಕೆಲವು ಭಾಗಗಳನ್ನು ನಂತರದವರು ತಿದ್ದಿದ್ದಾರೆ. ಆದರೆ ಮಗು ತಪ್ಪು ಹೇಳುವಾಗಲೂ ಅದರದೇ ಆದ ತರ್ಕದಿಂದ ಹೇಳುತ್ತದೆ ಎಂಬ ಮೂಲ ಮಾತು ಗಟ್ಟಿಯಾಗಿ ನಿಂತಿದೆ.

ಇದು ತಿಳಿದ ಶಿಕ್ಷಕಿ ಏನು ಮಾಡುತ್ತಾಳೆ? ಉತ್ತರ ಬಾಯಿಪಾಠ ಮಾಡಿಸುವುದಿಲ್ಲ. ಒಂದು ಬಾನಿ ನೀರು, ನಾಲ್ಕು ಬಗೆಯ ಪಾತ್ರೆ, ಒಂದು ಆಲಿಕೆ ಇಟ್ಟು ಮಕ್ಕಳನ್ನು ಆಡಲು ಬಿಡುತ್ತಾಳೆ. ನೋಡುವವರಿಗೆ ಅದು ನೀರಾಟ. ಮಗುವಿಗೆ ಅದು ಮುಂದಿನ ಗಣಿತದ ಅಡಿಪಾಯ.

ಎಣಿಕೆಯದೂ ಇದೇ ಕಥೆ. ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳುವ ಮಗುವಿನ ಮುಂದೆ ಐದು ಹುಣಸೆ ಬೀಜ ಇಟ್ಟು ಎಣಿಸಲು ಹೇಳಿ. ಬೆರಳು ಒಂದು ಕಡೆ, ಬಾಯಿ ಒಂದು ಕಡೆ ಹೋಗಿ ಏಳು ಎಂದೀತು. ಮಗುವಿಗೆ ಅಂಕಿಗಳ ಹಾಡು ಗೊತ್ತಿದೆ, ಎಣಿಕೆ ಗೊತ್ತಿಲ್ಲ. ಒಂದು ಬೀಜಕ್ಕೆ ಒಂದೇ ಹೆಸರು, ಕೊನೆಯಲ್ಲಿ ಹೇಳಿದ ಅಂಕಿಯೇ ಒಟ್ಟು ಮೊತ್ತ ಎಂಬ ಎರಡು ಸಂಗತಿಗಳನ್ನು ಅದು ಇನ್ನೂ ಕಂಡುಕೊಳ್ಳಬೇಕು. ಎಲ್ಲರಿಗೂ ಒಂದೊಂದು ತಟ್ಟೆ ಹಂಚು, ತಟ್ಟೆಗೊಂದು ಬಾಳೆಹಣ್ಣು ಇಡು ಎಂದು ಊಟದ ಹೊತ್ತಿಗೆ ಕೆಲಸ ಹೇಳುವ ಟೀಚರಮ್ಮ ಅದನ್ನೇ ಕಲಿಸುತ್ತಿರುತ್ತಾರೆ. ಅದು ಯಾವ ನೋಟ್‌ಬುಕ್ಕಿನಲ್ಲೂ ದಾಖಲಾಗುವುದಿಲ್ಲ.

ಬರವಣಿಗೆಯ ವಿಷಯದಲ್ಲಂತೂ ನಮ್ಮ ಆತುರಕ್ಕೆ ಮಿತಿಯಿಲ್ಲ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ, ಬೆರಳಿನ ಸ್ನಾಯುಗಳಿಗೆ ಹಿಡಿತ ಬಂದಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ಗೆರೆಯೊಳಗೆ ಬರೆ ಎಂದರೆ ಅದಕ್ಕೆ ಶಿಕ್ಷೆಯಾಗುತ್ತದೆ. ಚಪಾತಿ ಹಿಟ್ಟು ನಾದುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು, ಮಣ್ಣಿನಲ್ಲಿ ಬೆರಳಾಡಿಸುವುದು, ಇವೆಲ್ಲ ಬರವಣಿಗೆಯ ಪೂರ್ವಸಿದ್ಧತೆ. ಇದನ್ನು ಅರಿತವರು ಪಾಠ ತಪ್ಪಿಸುತ್ತಿಲ್ಲ, ಪಾಠಕ್ಕೆ ಹೊಲ ಹದ ಮಾಡುತ್ತಿದ್ದಾರೆ.

ಈ ದಾರಿ ತುಳಿದವರು

ಈ ವೃತ್ತಿಯ ಇತಿಹಾಸ ತೆರೆದರೆ ಆಶ್ಚರ್ಯವಾಗುತ್ತದೆ. ಬೇರೆ ಕೆಲಸ ಸಿಗಲಿಲ್ಲವೆಂದು ಇಲ್ಲಿಗೆ ಬಂದವರಲ್ಲ ಇದನ್ನು ಕಟ್ಟಿದವರು.

ಮಾರಿಯಾ ಮಾಂಟೆಸ್ಸೊರಿ ವೈದ್ಯೆ. ಹೆಣ್ಣುಮಕ್ಕಳು ವೈದ್ಯ ಪದವಿ ಪಡೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾಲಯದಿಂದ ಆ ಪದವಿ ಪಡೆದವರು. ಅಲ್ಲಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದ ಮೇಲೆ ಮಕ್ಕಳು ಕಟ್ಟಡದ ಗೋಡೆ ಹಾಳು ಮಾಡುತ್ತಿದ್ದರು. ಅವರನ್ನು ಒಂದು ಕಡೆ ಕೂಡಿಸಿ ನೋಡಿಕೊಳ್ಳಬೇಕೆಂದು ಕಟ್ಟಡದವರು ಕೇಳಿಕೊಂಡಾಗ, 1907ರ ಜನವರಿಯಲ್ಲಿ ಮಾಂಟೆಸ್ಸೊರಿ ‘ಮಕ್ಕಳ ಮನೆ’ ತೆರೆದರು. ವೈದ್ಯೆಯ ಶಿಸ್ತಿನಿಂದ ಅವರು ಮಕ್ಕಳನ್ನು ಗಮನಿಸಿದರು. ಬೆರಳಿನಿಂದ ಸವರಿ ಕಲಿಯುವ ಮರಳು ಕಾಗದದ ಅಕ್ಷರ, ಮಕ್ಕಳ ಎತ್ತರಕ್ಕೆ ತಕ್ಕ ಮೇಜು ಕುರ್ಚಿ, ಮಗುವೇ ತನ್ನ ತಪ್ಪು ಕಂಡುಕೊಳ್ಳುವ ಆಟಿಕೆಗಳು, ಇವೆಲ್ಲ ಆ ಗಮನಿಕೆಯ ಫಲ. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧ ಹೊತ್ತಿಕೊಂಡು ಇಟಲಿ ಶತ್ರುರಾಷ್ಟ್ರವಾದ್ದರಿಂದ ಊರಿಗೆ ಮರಳುವಂತಿರಲಿಲ್ಲ. 1946ರವರೆಗೂ ನಮ್ಮ ದೇಶದಲ್ಲೇ ಉಳಿದು, ಊರೂರಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮ ಬೀದಿ ಬೀದಿಗಳಲ್ಲಿ ಇಂದು ‘ಮಾಂಟೆಸ್ಸೊರಿ’ ಎಂಬ ಬೋರ್ಡು ಕಾಣುವುದರ ಹಿಂದೆ ಈ ಕಥೆ ಇದೆ. ಬೋರ್ಡು ಇದ್ದಲ್ಲೆಲ್ಲ ಪದ್ಧತಿಯೂ ಇದೆಯೇ ಎಂಬುದು ಬೇರೆ ಮಾತು.

ಅವರಿಗಿಂತ ಮೊದಲೇ ಗುಜರಾತಿನಲ್ಲಿ ಒಬ್ಬರು ಈ ಕೆಲಸಕ್ಕೆ ಕೈಹಾಕಿದ್ದರು. ಗಿಜುಭಾಯಿ ಬಧೇಕಾ ವಕೀಲರು. ಸ್ವಂತ ಮಗನ ಶಿಕ್ಷಣದ ಚಿಂತೆಯಿಂದ ಹೊರಟು ಮಾಂಟೆಸ್ಸೊರಿಯವರ ಬರಹಗಳನ್ನು ಓದಿದವರು, ವಕೀಲಿಯನ್ನೇ ಬಿಟ್ಟು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿಯಲ್ಲಿ ಬಾಲಮಂದಿರ ಆರಂಭಿಸಿದರು. ಮಕ್ಕಳ ಜೊತೆ ಕುಣಿದರು, ಕಥೆ ಹೇಳಿದರು, ನಾಟಕವಾಡಿದರು. ಜನ ಅವರನ್ನು ಪ್ರೀತಿಯಿಂದ ‘ಮೀಸೆಯುಳ್ಳ ತಾಯಿ’ ಎಂಬರ್ಥದ ಹೆಸರಿನಿಂದ ಕರೆದರು. ಇದು ಹೆಂಗಸರ ಕೆಲಸ ಎಂದು ಮೂಗು ಮುರಿಯುವ ಹುಡುಗರು ಈ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಅವರ ‘ದಿವಾಸ್ವಪ್ನ’ ಹಲವು ಭಾರತೀಯ ಭಾಷೆಗಳಿಗೆ ಅನುವಾದವಾಗಿದೆ. ಶಿಕ್ಷಕರಾಗಬೇಕೆನ್ನುವವರು ಅದನ್ನು ಒಂದು ಸಲವಾದರೂ ಓದಬೇಕು.

ಗಿಜುಭಾಯಿಯವರ ಜೊತೆ ಸೇರಿದ ತಾರಾಬಾಯಿ ಮೋಡಕ್ ಪದವೀಧರೆ. ರಾಜಕೋಟೆಯ ಮಹಿಳಾ ಶಿಕ್ಷಣ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಆ ಹುದ್ದೆ ಬಿಟ್ಟು ಬಾಲಮಂದಿರಕ್ಕೆ ಬಂದರು. ಮುಂದೆ 1945ರಲ್ಲಿ ಮುಂಬಯಿಗೆ ಉತ್ತರದ ಕರಾವಳಿಯ ಬೋರ್ಡಿ ಎಂಬಲ್ಲಿ ಅನುತಾಯಿ ವಾಘ್ ಅವರೊಡನೆ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಬಡ ಕೇರಿಗಳ ಮಕ್ಕಳು ಅಲ್ಲಿಗೆ ಬರಲಿಲ್ಲ. ಬೇರೆಯವರಾಗಿದ್ದರೆ ‘ಇವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ’ ಎಂದು ಕೈತೊಳೆದುಕೊಳ್ಳುತ್ತಿದ್ದರೇನೋ. ತಾರಾಬಾಯಿ ಬಾಲವಾಡಿಯನ್ನೇ ಆ ಕೇರಿಯ ಅಂಗಳಕ್ಕೆ ಒಯ್ದರು. ಬೆಲೆಬಾಳುವ ಆಟಿಕೆಗಳ ಬದಲು ಬೆಣಚುಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜಗಳೇ ಸಾಮಗ್ರಿಯಾದವು. ದನ ಕಾಯುವ ಮಕ್ಕಳಿಗಾಗಿ ಶಾಲೆ ಹುಲ್ಲುಗಾವಲಿಗೂ ಹೋಯಿತು. ಅಂಗಳದ ಶಾಲೆಯೇ ‘ಅಂಗನವಾಡಿ’. ನಾವು ದಿನವೂ ಆಡುವ ಈ ಮಾತಿನ ಹಿಂದೆ ಮಗು ಇರುವಲ್ಲಿಗೇ ಹೋದ ಇಬ್ಬರು ಹೆಂಗಸರ ನಡಿಗೆ ಇದೆ. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಸಂದಿತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ಬಂತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಬ್ಯಾಂಕಿಲ್ಲದ, ಆಸ್ಪತ್ರೆಯಿಲ್ಲದ ಎಷ್ಟೋ ಊರುಗಳಲ್ಲಿ ಅಂಗನವಾಡಿ ಇದೆ.

ಕಣ್ಣಿಗೆ ಬೀಳದ ಫಸಲು

ವೈದ್ಯರಿಗೆ ರೋಗಿ ಎದ್ದು ಓಡಾಡುವುದು ಕಾಣುತ್ತದೆ. ಎಂಜಿನಿಯರಿಗೆ ತಾನು ಕಟ್ಟಿದ ಸೇತುವೆ ಕಾಣುತ್ತದೆ. ಹತ್ತನೆಯ ತರಗತಿಯ ಮೇಷ್ಟರಿಗೆ ರ್‍ಯಾಂಕು ಬಂದ ಹುಡುಗಿ ಸಿಹಿ ತಂದುಕೊಡುತ್ತಾಳೆ. ಪುಟ್ಟ ಮಕ್ಕಳ ಟೀಚರಿಗೆ ಏನು ಕಾಣುತ್ತದೆ? ಮಗು ಆರು ವರ್ಷಕ್ಕೆ ಕೈಬಿಟ್ಟು ಹೋಗುತ್ತದೆ. ಆ ಮಗುವಿಗೆ ದೊಡ್ಡದಾದ ಮೇಲೆ ಇವರ ಮುಖ ಕೂಡ ಸರಿಯಾಗಿ ನೆನಪಿರುವುದಿಲ್ಲ. ಕೃತಜ್ಞತೆಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಶೆ ಖಂಡಿತ.

ಆದರೆ ಫಸಲು ಬರುವುದಂತೂ ನಿಜ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಿಶುಶಾಲೆಯ ಅಧ್ಯಯನ ಇದಕ್ಕೆ ಪ್ರಸಿದ್ಧ ಸಾಕ್ಷಿ. ಬಡ ಕಪ್ಪು ಜನಾಂಗದ 123 ಮಕ್ಕಳನ್ನು ಎರಡು ಗುಂಪು ಮಾಡಿದರು. ಮೂರು ನಾಲ್ಕು ವರ್ಷದ ವಯಸ್ಸಿನಲ್ಲಿ ಒಂದು ಗುಂಪಿಗೆ ಒಳ್ಳೆಯ ತರಬೇತಿ ಪಡೆದ ಶಿಕ್ಷಕರಿಂದ ಶಿಶುಶಿಕ್ಷಣ ಸಿಕ್ಕಿತು. ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳ ಮನೆಗೂ ಹೋಗಿ ತಾಯಿಯ ಜೊತೆ ಮಾತಾಡುತ್ತಿದ್ದರು. ಇನ್ನೊಂದು ಗುಂಪಿಗೆ ಅದು ಸಿಗಲಿಲ್ಲ. ಮೊದಮೊದಲು ಶಾಲೆಗೆ ಬಂದ ಮಕ್ಕಳ ಬುದ್ಧಿಮತ್ತೆಯ ಅಂಕ ಏರಿತು. ಕೆಲವೇ ವರ್ಷಗಳಲ್ಲಿ ಆ ಅಂತರ ಅಳಿಸಿಹೋಯಿತು. ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿದ್ದರೆ ‘ಇದೆಲ್ಲ ವ್ಯರ್ಥ’ ಎಂದು ಬರೆದುಬಿಡಬಹುದಿತ್ತು. ಆದರೆ ಸಂಶೋಧಕರು ಆ ಮಕ್ಕಳನ್ನು ನಲವತ್ತು ವರ್ಷ ವಯಸ್ಸಿನವರೆಗೂ ಹಿಂಬಾಲಿಸಿದರು. ಶಿಶುಶಾಲೆಗೆ ಹೋಗಿದ್ದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಕೆಲಸದಲ್ಲಿದ್ದವರು ಹೆಚ್ಚು, ಗಳಿಕೆ ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಈ ಅಂಕಿಅಂಶಗಳನ್ನು ಮತ್ತೆ ಮತ್ತೆ ಜಾಲಾಡಿ, ಎಳೆಯ ವಯಸ್ಸಿನ ಶಿಕ್ಷಣಕ್ಕೆ ಹಾಕಿದ ಹಣ ಸಮಾಜಕ್ಕೆ ಹಲವು ಪಟ್ಟಾಗಿ ಮರಳುತ್ತದೆಂದು ವಾದಿಸಿದರು.

ಅದು ಸಣ್ಣ ಅಧ್ಯಯನ, ಬೇರೆ ದೇಶದ್ದು. ಅದನ್ನು ಹಾಗೇ ನಮ್ಮ ಊರಿಗೆ ಅನ್ವಯಿಸುವಂತಿಲ್ಲ. ಆದರೆ ಅದರಲ್ಲಿ ಶಿಕ್ಷಕರಿಗೊಂದು ಪಾಠವಿದೆ. ಅಂಕದಲ್ಲಿ ಅಳತೆಗೆ ಸಿಗದ ಏನೋ ಒಂದು ಆ ಮಕ್ಕಳಲ್ಲಿ ಉಳಿದುಕೊಂಡಿತು. ಸರದಿ ಕಾಯುವುದು, ಸೋತರೂ ಮತ್ತೆ ಆಡುವುದು, ಸಿಟ್ಟು ಬಂದಾಗ ಹೊಡೆಯದೆ ಮಾತಿನಲ್ಲಿ ಹೇಳುವುದು, ಹಿಡಿದ ಕೆಲಸ ಮುಗಿಸುವುದು. ಇವನ್ನು ಕಲಿಸುವ ಪಠ್ಯಪುಸ್ತಕವಿಲ್ಲ. ಮಕ್ಕಳ ನಡುವೆ ನೆಲದ ಮೇಲೆ ಕೂತ ಒಬ್ಬ ದೊಡ್ಡವರು, ದಿನಕ್ಕೆ ಹತ್ತು ಸಲ, ತಾಳ್ಮೆಯಿಂದ ಕಲಿಸುತ್ತಾರೆ.

ಕೂಡಲೇ ಕಾಣುವ ಫಲವೂ ಇದೆ, ನೋಡುವ ಕಣ್ಣಿದ್ದರೆ. ಎರಡು ಸಲ ಕರೆದರೂ ತಿರುಗಿ ನೋಡದ ಮಗುವನ್ನು ಮನೆಯವರು ಮೊಂಡು ಎಂದುಕೊಂಡಿರುತ್ತಾರೆ. ಕಿವಿಯಲ್ಲಿ ದೋಷವಿರಬಹುದೆಂದು ಮೊದಲು ಅನುಮಾನ ಪಡುವವರು ಎಷ್ಟೋ ಸಲ ಈ ಟೀಚರೇ. ಚಿತ್ರದ ಪುಸ್ತಕವನ್ನು ಮೂಗಿಗೆ ಹತ್ತಿಸಿಕೊಂಡು ನೋಡುವವನ ಕಣ್ಣು, ತೂಕದ ಪಟ್ಟಿಯಲ್ಲಿ ಎರಡು ತಿಂಗಳಿಂದ ಮೇಲೇರದ ಗೆರೆ, ಯಾರೊಡನೆಯೂ ಆಡದೆ ಮೂಲೆಯಲ್ಲಿ ಒಂದೇ ಚಕ್ರ ತಿರುಗಿಸುತ್ತ ಕೂರುವವಳ ಮೌನ, ಇವೆಲ್ಲ ನಾಲ್ಕನೆಯ ವರ್ಷದಲ್ಲಿ ಗೊತ್ತಾದರೆ ದಾರಿಯಿದೆ. ಹತ್ತನೆಯ ವರ್ಷದಲ್ಲಿ ಗೊತ್ತಾದರೆ ಎಷ್ಟೋ ಕಾಲ ಕಳೆದುಹೋಗಿರುತ್ತದೆ.

ಭಾಷೆಯದು ಇನ್ನೊಂದು ಸಂಗತಿ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಗಡಿ ಊರುಗಳಲ್ಲಿ ಮರಾಠಿ, ತೆಲುಗು. ಊರೂರಿನಲ್ಲಿ ಉರ್ದು. ಕನ್ನಡದ ಅಂಗನವಾಡಿಯಲ್ಲಿ ಇಂಥ ಮಗು ಎರಡು ತಿಂಗಳು ತುಟಿ ಬಿಚ್ಚದೇ ಕೂತಿರಬಹುದು. ‘ನೀರು ಬೇಕಾ’, ‘ಹಸಿವಾಯ್ತಾ’ ಎಂಬ ಹತ್ತು ಮಾತನ್ನು ಆ ಮಗುವಿನ ಭಾಷೆಯಲ್ಲಿ ಕಲಿತುಕೊಂಡ ಶಿಕ್ಷಕಿಯ ಎದುರು ಒಂದು ದಿನ ಅದು ಬಾಯಿ ತೆರೆದಾಗ, ಅಂದು ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಘಟನೆ ಬೇರೊಂದು ನಡೆದಿರಲಾರದು. ಸಾರ್ಥಕತೆ ಎಂದು ನಾವು ಹುಡುಕುವುದು ಇಂಥ ಕಡೆ ಇರುತ್ತದೆ.

ಸಂಬಳದ ಮಾತು

ಇಷ್ಟು ಹೇಳಿ ಸಂಬಳದ ಮಾತು ಮರೆಸಿದರೆ ಅದು ಓದುಗರಿಗೆ ಮಾಡುವ ವಂಚನೆ. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಅದು ಗೌರವಧನ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಿಂದ ತನ್ನ ಲೆಕ್ಕದ ಗೌರವಧನವನ್ನು ತಿಂಗಳಿಗೆ 3,000 ರೂಪಾಯಿಗಳಿಂದ 4,500ಕ್ಕೆ ಏರಿಸಿತು. ರಾಜ್ಯ ಸರ್ಕಾರ ಅದಕ್ಕೆ ತನ್ನ ಹಣವನ್ನೂ ಸೇರಿಸಿ ಕೊಡುತ್ತದೆ. ಎಲ್ಲ ಸೇರಿದರೂ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರ ವೇತನಕ್ಕಿಂತ ಬಹಳ ಕೆಳಗೆ. ಕೆಲಸವೋ, ಪಾಠದ ಜೊತೆಗೆ ಪೌಷ್ಟಿಕ ಆಹಾರ, ತೂಕ, ಲಸಿಕೆ, ಗರ್ಭಿಣಿಯರ ಮನೆ ಭೇಟಿ, ಸಮೀಕ್ಷೆ, ಮೊಬೈಲಿನಲ್ಲಿ ಮಾಹಿತಿ ತುಂಬುವುದು. ಮಕ್ಕಳ ಜೊತೆ ಕೂರುವ ಹೊತ್ತನ್ನೇ ಕಾಗದಪತ್ರ ನುಂಗುತ್ತದೆಂದು ಅವರು ದೂರುವುದರಲ್ಲಿ ಸತ್ಯವಿದೆ. ಖಾಸಗಿ ನರ್ಸರಿಗಳಲ್ಲಿ ಕೆಲವೆಡೆ ಉತ್ತಮ ಸಂಬಳವಿದೆ. ಪಾಲಕರಿಂದ ಸಾವಿರಾರು ರೂಪಾಯಿ ಶುಲ್ಕ ಪಡೆದು ಟೀಚರಿಗೆ ಚಿಕ್ಕಾಸು ಕೊಡುವ ಕಡೆಗಳೂ ಬೇಕಾದಷ್ಟಿವೆ.

ಗಾಳಿ ಸ್ವಲ್ಪ ಬದಲಾಗುತ್ತಿರುವುದೂ ನಿಜ. 2002ರ ಸಂವಿಧಾನ ತಿದ್ದುಪಡಿಯ ನಂತರ 45ನೆಯ ವಿಧಿ ಆರು ವರ್ಷದೊಳಗಿನ ಮಕ್ಕಳ ಪಾಲನೆ, ಶಿಕ್ಷಣದ ಹೊಣೆಯನ್ನು ಸರ್ಕಾರಕ್ಕೆ ನೆನಪಿಸುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಮಿದುಳಿನ ಒಟ್ಟು ಬೆಳವಣಿಗೆಯ ಶೇಕಡಾ 85ಕ್ಕೂ ಹೆಚ್ಚು ಭಾಗ ಆರು ವರ್ಷಕ್ಕೆ ಮೊದಲೇ ಆಗುತ್ತದೆ ಎಂಬುದನ್ನು ಆ ನೀತಿ ತನ್ನ ಆಧಾರವಾಗಿ ಹೇಳಿಕೊಂಡಿದೆ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ ಗ್ರಾಚ್ಯುಟಿ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ಇವು ನ್ಯಾಯದತ್ತ ಇಟ್ಟ ಹೆಜ್ಜೆಗಳು, ದಾರಿ ಇನ್ನೂ ಉಳಿದಿದೆ. ‘ಸೇವೆ’ ಎಂಬ ದೊಡ್ಡ ಮಾತನ್ನು ಮುಂದಿಟ್ಟು ಕಡಿಮೆ ಸಂಬಳಕ್ಕೆ ಸಮಾಧಾನ ಹೇಳುವವರನ್ನು ನಂಬಬೇಡಿ. ಕೆಲಸದಲ್ಲಿ ಸಾರ್ಥಕತೆ ಕಾಣುವವರಿಗೂ ಬಾಡಿಗೆ ಕಟ್ಟಬೇಕು, ಅಕ್ಕಿ ಬೇಳೆ ತರಬೇಕು. ಒಳ್ಳೆಯ ಸಂಬಳ ಕೇಳುವ ಹಕ್ಕು ಅವರಿಗೆ ಬೇರೆಯವರಷ್ಟೇ ಇದೆ.

ಆದ್ದರಿಂದಲೇ ಕೈಯಲ್ಲಿ ಅರ್ಹತೆ ಇಟ್ಟುಕೊಂಡು ಈ ಕ್ಷೇತ್ರಕ್ಕೆ ಇಳಿಯುವುದು ಮುಖ್ಯ. ತರಬೇತಿ ಇಲ್ಲದವರ ಕೂಲಿಯನ್ನು ಕೊಡುವವರು ಗೊತ್ತು ಮಾಡುತ್ತಾರೆ. ತರಬೇತಿ ಪಡೆದವರು ನಾಲ್ಕು ಕಡೆ ವಿಚಾರಿಸಿ ಆಯ್ದುಕೊಳ್ಳಬಹುದು.

ಓದುವುದು ಏನು?

ಪಿಯುಸಿ ಆದವರಿಗೆ ಇರುವ ದಾರಿಗಳು ಸ್ಥೂಲವಾಗಿ ಹೀಗಿವೆ. ಪೂರ್ವ ಪ್ರಾಥಮಿಕ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾಕ್ಕೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ನಿಯಮ ರೂಪಿಸಿತು. ಮೊದಲು ನರ್ಸರಿ ಟೀಚರ್ ಟ್ರೈನಿಂಗ್ ಎಂದು ಕರೆಯುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ. ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೂ ಪಾಠ ಹೇಳುವ ಆಸೆಯಿದ್ದರೆ ಡಿ.ಎಲ್.ಎಡ್., ಅಂದರೆ ಹಿಂದಿನ ಟಿಸಿಎಚ್, ಡಿ.ಎಡ್.ಗಳ ಇಂದಿನ ರೂಪ. ಮನೆಯಲ್ಲೇ ಇದ್ದು ಓದುವವರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ನಡೆಸುತ್ತ ಬಂದಿದೆ. ಮಾಂಟೆಸ್ಸೊರಿ ಪದ್ಧತಿಯ ತರಬೇತಿ ಕೊಡುವ ಸಂಸ್ಥೆಗಳು ಬೆಂಗಳೂರಿನಲ್ಲಿವೆ.

ವಿಜ್ಞಾನದ ಒಲವಿರುವವರು ಗೃಹವಿಜ್ಞಾನ ಪದವಿಯಲ್ಲಿ ಮಾನವ ಅಭಿವೃದ್ಧಿ ವಿಷಯವನ್ನು ಆರಿಸಿಕೊಳ್ಳಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಸಮುದಾಯ ವಿಜ್ಞಾನ ಕಾಲೇಜಿದೆ. ಪದವಿ ಪಡೆದವರಿಗೆ ಅಂಗನವಾಡಿ ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹುದ್ದೆಗಳು, ತರಬೇತಿ ಕೇಂದ್ರಗಳು, ಮಕ್ಕಳ ಪುಸ್ತಕ ಮತ್ತು ಆಟಿಕೆ ರೂಪಿಸುವ ಕೆಲಸ, ಬೆಳವಣಿಗೆಯಲ್ಲಿ ತೊಡಕಿರುವ ಮಕ್ಕಳ ವಿಶೇಷ ಶಿಕ್ಷಣ ಹೀಗೆ ಬಾಗಿಲುಗಳಿವೆ. ಅಂಗನವಾಡಿ ಕಾರ್ಯಕರ್ತೆಯ ಕೆಲಸ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲು. ಗಂಡುಮಕ್ಕಳಿಗೆ ಖಾಸಗಿ ಶಿಶುಶಾಲೆ, ಸ್ವಯಂಸೇವಾ ಸಂಸ್ಥೆ, ಪ್ರಾಥಮಿಕ ಶಾಲೆಯ ಕೆಳ ತರಗತಿಗಳು ತೆರೆದಿವೆ.

ಒಂದು ಎಚ್ಚರಿಕೆ. ಮೂರು ತಿಂಗಳಲ್ಲಿ ಟೀಚರ್ ಮಾಡುತ್ತೇವೆಂದು ಗೋಡೆಗಳ ಮೇಲೆ ಜಾಹೀರಾತು ಅಂಟಿಸುವವರು ಬಹಳ. ಶುಲ್ಕ ಕಟ್ಟುವ ಮುನ್ನ ಮಾನ್ಯತೆ ಇದೆಯೇ, ಎಷ್ಟು ವಾರ ನಿಜವಾದ ಮಕ್ಕಳ ಜೊತೆ ಅಭ್ಯಾಸ ಮಾಡಿಸುತ್ತಾರೆ, ಹಿಂದಿನ ವರ್ಷ ಮುಗಿಸಿದವರು ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆ ಕೇಳಿ. ಮಕ್ಕಳ ಮುಖವನ್ನೇ ತೋರಿಸದೆ ಸರ್ಟಿಫಿಕೇಟು ಕೊಡುವ ಕೋರ್ಸು, ನೀರಿಗಿಳಿಸದೆ ಈಜು ಕಲಿಸಿದಂತೆ.

ನಿಮ್ಮನ್ನು ನೀವೇ ಕೇಳಿಕೊಳ್ಳಿ

ನಿರ್ಧಾರಕ್ಕೆ ಮುನ್ನ ಹದಿನೈದು ದಿನ ನಿಮ್ಮ ಊರಿನ ಅಂಗನವಾಡಿಯಲ್ಲೋ ಶಿಶುವಿಹಾರದಲ್ಲೋ ಅಲ್ಲಿನವರ ಒಪ್ಪಿಗೆ ಪಡೆದು ಕೂತು ಬನ್ನಿ. ಒಂದೇ ಮಗುವನ್ನು ಆರಿಸಿಕೊಂಡು ಅದು ಏನು ಮಾಡಿತು, ಏನು ಹೇಳಿತು ಎಂದು ದಿನವೂ ಅರ್ಧ ಪುಟ ಬರೆಯಿರಿ. ‘ಜಾಣ’, ‘ತುಂಟ’, ‘ಪೆದ್ದು’ ಎಂಬ ಮಾತುಗಳನ್ನು ಬಳಸದೆ ಬರೆಯಿರಿ. ಹದಿನೈದನೆಯ ದಿನ ಬರೆದದ್ದನ್ನೆಲ್ಲ ಓದಿ. ಆ ಮಗು ನಿಮಗೆ ಮೊದಲ ದಿನಕ್ಕಿಂತ ಹೆಚ್ಚು ಕುತೂಹಲಕರವಾಗಿ ಕಂಡರೆ ಈ ಕೆಲಸ ನಿಮಗೆ ಒಗ್ಗುತ್ತದೆ. ನಾಲ್ಕನೆಯ ದಿನಕ್ಕೇ ಬರೆಯಲು ಏನೂ ಇಲ್ಲ ಎನಿಸಿದ್ದರೆ ಬೇರೆ ದಾರಿ ನೋಡುವುದು ಮೇಲು. ಅದರಲ್ಲಿ ಅವಮಾನವೇನೂ ಇಲ್ಲ.

ಒಂದೇ ಕಥೆಯನ್ನು ಅದೇ ಉತ್ಸಾಹದಿಂದ ಇಪ್ಪತ್ತನೆಯ ಸಲ ಹೇಳಬಲ್ಲಿರಾ? ನೆಲದ ಮೇಲೆ ಕೂರಲು, ಮಣ್ಣು ಮುಟ್ಟಲು, ಮೂಗು ಒರೆಸಲು ಹೇಸಿಕೆಯಿಲ್ಲವೇ? ಮಗು ನಿಮ್ಮ ಮಾತು ಕೇಳದಿದ್ದಾಗ ಅದು ನಿಮಗಾದ ಅವಮಾನವೆಂದು ಎನಿಸುತ್ತದೆಯೇ? ಈ ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ನಿಮಗೇ ಗೊತ್ತಿರುತ್ತದೆ. ಹಾಡು, ಅಭಿನಯ, ಚಿತ್ರ ಬರೆಯುವುದು ಚೆನ್ನಾಗಿ ಬಂದರೆ ಒಳ್ಳೆಯದೇ, ಬಾರದಿದ್ದರೂ ಕಲಿಯಬಹುದು. ಪಂಜೆಯವರಿಂದ, ರಾಜರತ್ನಂ ಅವರಿಂದ ಹಿಡಿದು ಇಂದಿನವರೆಗೆ ಕನ್ನಡದಲ್ಲಿ ಮಕ್ಕಳ ಹಾಡುಗಳ ದೊಡ್ಡ ಭಂಡಾರವೇ ಇದೆ. ಅಜ್ಜಿಯಂದಿರ ಬಾಯಲ್ಲಿ ಇನ್ನಷ್ಟಿದೆ. ಸಿಟ್ಟನ್ನು ತಡೆದುಕೊಳ್ಳುವುದನ್ನು ಕಲಿಯುವುದು ಮಾತ್ರ ಇದಕ್ಕಿಂತ ಕಷ್ಟ.

ಹೆತ್ತವರಿಗೆ ಎರಡು ಮಾತು

ಮಗಳೋ ಮಗನೋ ಈ ದಾರಿ ಹಿಡಿಯುತ್ತೇನೆಂದರೆ ‘ಅಷ್ಟು ಓದಿ ಇದಾ?’ ಎನ್ನಬೇಡಿ. ಸಂಬಳದ ಬಗ್ಗೆ ನಿಮಗಿರುವ ಆತಂಕವನ್ನು ಬಿಚ್ಚಿ ಹೇಳಿ, ಅದು ನ್ಯಾಯವಾದದ್ದು. ಯಾವ ಕೋರ್ಸು, ಐದು ವರ್ಷದ ಮೇಲೆ ಎಲ್ಲಿರಬೇಕೆಂದಿದ್ದೀಯ ಎಂದು ಕೂತು ಮಾತಾಡಿ. ‘ಮದುವೆಯಾಗುವವರೆಗೆ ಟೈಮ್‌ಪಾಸಿಗೆ ಇರಲಿ’ ಎಂಬ ಮಾತನ್ನಂತೂ ಆಡಲೇಬೇಡಿ. ಟೈಮ್‌ಪಾಸಿಗೆಂದು ಬಂದವರ ಕೈಗೆ ನಿಮ್ಮ ಮೊಮ್ಮಗುವನ್ನು ಒಪ್ಪಿಸಲು ನಿಮಗೆ ಮನಸ್ಸು ಬಂದೀತೇ?

ಮನೆಯಲ್ಲಿ ಪುಟ್ಟ ಮಗು ಇರುವವರಿಗೆ ಇನ್ನೊಂದು ಮಾತು. ಮಗು ಅಂಗನವಾಡಿಯಿಂದ, ನರ್ಸರಿಯಿಂದ ಬಂದೊಡನೆ ‘ಇವತ್ತು ಏನು ಬರೆಸಿದರು?’ ಎಂದು ಕೇಳುವ ಅಭ್ಯಾಸ ನಮಗಿದೆ. ಅದರ ಬದಲು ‘ಏನು ಆಟ ಆಡಿದೆ? ಯಾರ ಜೊತೆ ಆಡಿದೆ? ಯಾವ ಕಥೆ ಕೇಳಿದೆ?’ ಎಂದು ಕೇಳಿ ನೋಡಿ. ಹತ್ತು ಮನೆಗಳಲ್ಲಿ ಈ ಪ್ರಶ್ನೆ ಬದಲಾದರೆ, ಪುಟಗಟ್ಟಲೆ ಬರೆಸಿ ನಿಮ್ಮನ್ನು ಮೆಚ್ಚಿಸಬೇಕಾದ ಒತ್ತಡದಿಂದ ಆ ಟೀಚರಿಗೆ ಬಿಡುಗಡೆ ಸಿಗುತ್ತದೆ. ಅವರು ನಿಮ್ಮ ಮಗುವಿಗೆ ಬೇಕಾದ ಪಾಠ ಹೇಳಲು ಆಗ ಸಾಧ್ಯ. ಮುಂದಿನ ಸಲ ಮಗುವನ್ನು ಕರೆತರಲು ಹೋದಾಗ ಬಾಗಿಲಲ್ಲೇ ನಿಂತು ಹಿಂತಿರುಗಬೇಡಿ. ಒಂದು ನಿಮಿಷ ಒಳಗೆ ಹೋಗಿ, ‘ನಮ್ಮ ಮಗುವಿನಲ್ಲಿ ನೀವು ಏನು ಗಮನಿಸಿದಿರಿ?’ ಎಂದು ಕೇಳಿ. ಒಳ್ಳೆಯ ಟೀಚರಿಗೆ ಹೇಳುವುದು ಬಹಳ ಇರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೆ.